ತಿಳಿನೀಲಿ ಉಡುಪಿನ ಚಿತ್ರ

ನಟ ಸತ್ತರೆ ನಮ್ಮ ಎದೋ ಪಟ್ಟಣದಲ್ಲಿ ಅವನ ಚಿತ್ರ ಮಾರುತ್ತಾರೆ. ತಿಳಿನೀಲಿ ಉಡುಪು, ಕೈಯಲ್ಲಿ ಜಪಮಾಲೆ, ಪಕ್ಕದಲ್ಲಿ ಸತ್ತ ದಿನ. ಮೊದಲು ಅಚ್ಚು ಹಾಕಿದವನದೇ ವ್ಯಾಪಾರ. ಹಾಗಾಗಿ ನನ್ನ ತಂಗಿ ಓತ್ಸುಯಾಳ ಗಂಡ, ನಟ ರಿಂಜೂರೋ, ಜ್ವರದಲ್ಲಿ ಎಚ್ಚರತಪ್ಪಿ ಮಲಗಿದ ಮೂರನೇ ದಿನಕ್ಕೇ ಪ್ರಕಾಶಕ ಹಗಿನೋಯಾ ನನ್ನ ಮನೆಗೆ ಬಂದ. ನಾನು ಮರದ ಅಚ್ಚು ಕೆತ್ತುವವನು.

"ಬದುಕಿರೋನಿಗೆ ಸಾವಿನ ಚಿತ್ರ ಕೆತ್ತು ಅಂತೀರಲ್ಲ, ನಾಚಿಕೆ ಆಗಲ್ವಾ ಯಜಮಾನ್ರೇ?"

"ತಾರೀಖು ಬಿಟ್ಟು ಕೆತ್ತಪ್ಪ. ನೀನು ಒಲ್ಲೆ ಅಂದ್ರೆ ಇನ್ಯಾರೋ ಕೆತ್ತುತಾರೆ. ಮೂಗು ಮೂಲಂಗಿ ಥರ ಬಂದ್ರೆ ನನ್ನ ಬೈಬೇಡ."

ಮೂಗಿನ ಮಾತಿಗೆ ಸೋತೆ. ಆ ಮೂಗು ನೋಡಲೆಂದೇ ಜನ ನಾಟಕಕ್ಕೆ ಬರುತ್ತಿದ್ದರು. ಹಣೆಯ ಮೇಲಿನ ಕೂದಲಿನ ಅಂಚನ್ನು ಉಸಿರು ಬಿಗಿಹಿಡಿದು ಕೆತ್ತಿದೆ. ತಾರೀಖಿನ ಜಾಗ ಮಾತ್ರ ಮುಟ್ಟಲಿಲ್ಲ.

ಬೇರೊಬ್ಬ ಪ್ರಕಾಶಕ ಮುಂದಾದಾನೆಂದು ಹೆದರಿ ಹಗಿನೋಯಾ, ಅವನ ಮನೆ ಹಾಳಾಗ, ಯಾರ ಕೈಯಲ್ಲೋ ತಾರೀಖು ಕೆತ್ತಿಸಿ ಚಿತ್ರ ಮಾರಿಯೇಬಿಟ್ಟ. ಅದೇ ಬೆಳಿಗ್ಗೆ ರಿಂಜೂರೋ ಕಣ್ಣು ಬಿಟ್ಟು ಗಂಜಿ ಕೇಳಿದ. ಹೊಸಿಲಲ್ಲಿ ಆಗಲೇ ಚಿತ್ರ ಕೊಂಡ ಹೆಂಗಸರು ಊದುಬತ್ತಿ ಹಚ್ಚಿ ಅಳುತ್ತಿದ್ದರು.

"ಬದುಕಿದಾರ್ರೀ, ಗಂಜಿ ಕುಡೀತಿದಾರೆ!" ಎಂದು ತಂಗಿ ಕೂಗಿದಳು.

"ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಎಂದು ಅವರು ಅವಳನ್ನೇ ಸಮಾಧಾನ ಮಾಡಿದರು.

ರಿಂಜೂರೋಗೆ ಬೇಕಾಗಿದ್ದುದು ಒಂದೇ. ಹನ್ನೊಂದನೇ ತಿಂಗಳು, ವರ್ಷದ ಹೊಸ ತಂಡ ಜನಕ್ಕೆ ಮುಖ ತೋರಿಸುವ ದಿನ, ರಂಗದ ಮೇಲೆ ನಿಲ್ಲಬೇಕು. ನಾನು ಹೋಗಿ ನಾಟಕಶಾಲೆಯ ಯಜಮಾನನ ಕಾಲು ಹಿಡಿದೆ.

"ಊರೆಲ್ಲ ಅತ್ತಾಯ್ತು. ರಿಂಜೂರೋ ಅನ್ನೋ ಹೆಸರು ಅವನ ಶಿಷ್ಯನಿಗೆ ಕೊಟ್ಟಾಯ್ತು, ಬಾಗಿಲ ಫಲಕಾನೂ ಬರೆಸಾಯ್ತು. ಈಗ ಸತ್ತೋನು ಬಂದು ಕುಣಿದ್ರೆ ಜನ ನಗಲ್ವೇನಯ್ಯ?" ಎಂದ.

ಹಗಿನೋಯಾನಿಂದ ಅಚ್ಚು ಕಿತ್ತುತಂದು ಒಲೆಗೆ ಹಾಕಿದೆ. ಚಿತ್ರಗಳು ಆಗಲೇ ಮನೆಮನೆ ಸೇರಿದ್ದವು, ಏನು ಪ್ರಯೋಜನ? ನನ್ನ ಕೈ ಮೇಲೆ ನನಗೇ ಅಸಹ್ಯವಾಯಿತು.

ಆ ದಿನ ಬಂತು. ರಿಂಜೂರೋ ಯಾರಿಗೂ ಹೇಳದೆ ಮುಖಕ್ಕೆ ಬಿಳಿ ಬಳಿದು, ಹುಬ್ಬು ತಿದ್ದಿ ಕೂತಿದ್ದ. ಬೀದಿಯಾಚೆಯ ನಾಟಕಶಾಲೆಯಿಂದ ಜನ ಕೂಗಿದ್ದು ಕೇಳಿಸಿತು: "ರಿಂಜೂರೋ! ರಿಂಜೂರೋ!"

ಅವನು ಕೈಯೂರಿ ಎದ್ದ.

"ಭಾವ, ನನ್ನನ್ನೇ ಅಲ್ವಾ ಕರೀತಿರೋದು?"

ಓತ್ಸುಯಾ ಒದ್ದೆ ಬಟ್ಟೆ ತಂದು, ಅವನನ್ನು ಕೂರಿಸಿ, ಮುಖ ಒರೆಸತೊಡಗಿದಳು.