ಪ್ರಿಂಟರಿನ ವೈರು

ತಿಕೋಟಾ ಬಸ್‌ಸ್ಟ್ಯಾಂಡಿನ ಎದುರು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಆಮ್ರಪಾಲಿಯದು. ಘೋಣಸಗಿಯ ಶೈಲಾ ಅಂಗನವಾಡಿ ಕೆಲಸಕ್ಕೆಂದು ನಾಲ್ಕು ದಿನ ಮೊದಲೇ ಕಾಗದಪತ್ರ ಕೊಟ್ಟುಹೋಗಿದ್ದಳು. ನಾಳೆ ಮಾಡಿದರಾಯಿತು ಎನ್ನುತ್ತ ಆಮ್ರಪಾಲಿ ಅದನ್ನು ಕೊನೆಯ ದಿನದ ಸಂಜೆಯವರೆಗೆ ಎಳೆದಳು. ಅರ್ಜಿ ಅರ್ಧ ತುಂಬಿತ್ತು, ಇನ್ನೊಬ್ಬರ ಹೊಲದ ಉತಾರ ಪ್ರಿಂಟಾಗುತ್ತಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಹತ್ತು ನಿಮಿಷವಾದರೂ ತಡೆಯಬೇಕಿದ್ದ ಯುಪಿಎಸ್ಸು ಒಮ್ಮೆ ಕೀರಲು ದನಿ ತೆಗೆದು ಆರಿಹೋಯಿತು. ಮೊಬೈಲಿನಲ್ಲಿ ಮತ್ತೆ ಮೊದಲಿನಿಂದ ತುಂಬುವಷ್ಟರಲ್ಲಿ ವೇಳೆ ಮುಗಿದಿತ್ತು.

ಮರುದಿನ ಶೈಲಾ ಬಂದು ಕೇಳಿದಾಗ, ಸರ್ವರ್ ಬಿದ್ದಿತ್ತು ಎಂದುಬಿಟ್ಟಳು ಆಮ್ರಪಾಲಿ. ಶೈಲಾ ನಂಬಿದಳು. ನಿಮಗೂ ಸುಮ್ಮನೆ ತೊಂದರೆ ಕೊಟ್ಟೆ ಎಂದು ತಾನೇ ಬೇಜಾರು ಮಾಡಿಕೊಂಡು ಹೋದಳು. ಆ ಮಾತು ಆಮ್ರಪಾಲಿಯನ್ನು ಎರಡು ದಿನ ನೆಟ್ಟಗೆ ಉಣ್ಣಗೊಡಲಿಲ್ಲ.

ಮೂರನೆಯ ದಿನ ಯುಪಿಎಸ್ಸನ್ನು ಚೀಲದಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಹೋದಳು. ಅದನ್ನು ಮಾರಿದ್ದ ಅತೀಕನ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ, ಕೆಟ್ಟ ಮಾಲು ಕೊಟ್ಟು ಒಬ್ಬ ಹೆಣ್ಣುಮಗಳ ನೌಕರಿ ಹಾಳುಮಾಡಿದಿರಿ ಎಂದು ದನಿ ಏರಿಸಿದಳು. ಇದಕ್ಕಿಂತ ದೊಡ್ಡದು ಬೇಕು ಎಂದಳು.

ಅತೀಕ ಯುಪಿಎಸ್ಸಿಗೆ ಒಂದು ಕಂಪ್ಯೂಟರ್ ಜೋಡಿಸಿ, ಗೋಡೆಯ ಪ್ಲಗ್ ಕಿತ್ತ. ಪರದೆ ಆರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು.

"ಅಕ್ಕಾರ, ಇದಕ್ಕ ಮತ್ತೇನ ಹಚ್ಚಿದ್ರಿ?"

"ಪ್ರಿಂಟರ್."

"ಲೇಸರ್ ಪ್ರಿಂಟರ್ ಕಾಯೂಮುಂದ ಭಾಳ ಕರೆಂಟ್ ಎಳಿತೈತ್ರಿ. ಇಷ್ಟ ಸಣ್ಣದು ತಡಿಯೂದಿಲ್ಲ. ಅದನ್ನ ಗ್ವಾಡಿಗೆ ಹಚ್ರಿ ಅಂತ ಅವತ್ತss ಹೇಳಿದ್ನಲ್ರಿ."

ಹೇಳಿದ್ದ. ಗೋಡೆಯಲ್ಲಿ ಇನ್ನೊಂದು ಪ್ಲಗ್ ಇಲ್ಲವೆಂದು ಅವಳೇ ವೈರನ್ನು ಯುಪಿಎಸ್ಸಿಗೆ ಸಿಕ್ಕಿಸಿದ್ದಳು. ಗಿರಾಕಿಗಳು ತನ್ನನ್ನೇ ನೋಡುತ್ತಿದ್ದುದು ಗೊತ್ತಾಗಿ ಅವಳ ಕಿವಿ ಬಿಸಿಯಾದವು. ದೊಡ್ಡದಕ್ಕೆ ದುಡ್ಡು ತೆಗೆಯಲು ಹೋದರೆ ಅತೀಕನೇ ಬೇಡವೆಂದ. ಕಂಪ್ಯೂಟರಿಗೆ ಇದೇ ಸಾಕು, ಪ್ರಿಂಟರಿಗೊಂದು ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಿರಿ ಎಂದ. ಬೋರ್ಡು ತೆಗೆದುಕೊಂಡು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದು, ತಪ್ಪಾಯಿತು ಎಂದು ಎಲ್ಲರೆದುರೇ ಅಂದಳು.

ತಿಕೋಟಾದಲ್ಲಿ ಇಳಿದರೂ ಅಂಗಡಿ ತೆರೆಯಲಿಲ್ಲ. ಘೋಣಸಗಿಯ ಟಂಟಂ ಆಟೋ ಹತ್ತಿದಳು. ಶೈಲಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಮ್ರಪಾಲಿ ನಿಂತೇ ಎಲ್ಲವನ್ನೂ ಹೇಳಿದಳು. ನಾಲ್ಕು ದಿನ ಕಾಗದ ಹಾಗೇ ಇಟ್ಟಿದ್ದನ್ನೂ ಮುಚ್ಚಿಡಲಿಲ್ಲ.

ಶೈಲಾಳ ಕೈಯಲ್ಲಿದ್ದ ಮೊರ ನಿಂತಿತು.

"ನನ್ನ ನಸೀಬss ಸರಿ ಇಲ್ಲ ಅಂತ ಮೂರು ದಿನ ಅತ್ತೇನ್ರಿ," ಅಂದಳು. "ಅವತ್ತss ಖರೇ ಹೇಳಿದ್ರ ನಿಮ್ಮನ್ನರ ಬೈದು ಸುಮ್ಮನಾಗ್ತಿದ್ದೆ."

"ಈಗ ಬೈಯವಾ."

ಶೈಲಾ ಬೈಯಲಿಲ್ಲ. ತನ್ನ ಕಾಗದಪತ್ರಗಳನ್ನೆಲ್ಲ ವಾಪಸು ಕಳಿಸಿರಿ, ಮುಂದಿನ ಅರ್ಜಿ ವಿಜಯಪುರದಲ್ಲೇ ತುಂಬಿಸುತ್ತೇನೆ ಎಂದಷ್ಟೇ ಹೇಳಿ ಮತ್ತೆ ಮೊರ ಎತ್ತಿಕೊಂಡಳು. ಆಮ್ರಪಾಲಿ ತಲೆಯಾಡಿಸಿ, ತಿರುಗಿ ನೋಡುವ ಧೈರ್ಯವಾಗದೆ ರಸ್ತೆಯತ್ತ ನಡೆದಳು.