ನೀಲಕ್ಕನ ಮಾತು ಕಡಿಯದ ಹಾಗೆ

ಕಲಘಟಗಿಯ ಅಬ್ದುಲ್‌ಸಾಬರ ತೊಟ್ಟಿಲಂಗಡಿಯ ಅಟ್ಟದ ಮೇಲೆ ಕೂತು ಮಗಳು ಅತಿಯಾ ಸುತ್ತಲ ಹಳ್ಳಿಗಳಿಗೆ ಇಂಟರ್‌ನೆಟ್ ಹಂಚುತ್ತಿದ್ದಳು. ಮಧ್ಯಾಹ್ನ ತೊಟ್ಟಿಲಿಗೆ ಬಳಿಯುವ ಅರಗಿನ ವಾಸನೆ ಮೇಲೇರಿ ಬಂದರೆ ಅವಳಿಗೆ ಅರೆನಿದ್ದೆ. ನೆಟ್ ಹಂಚುವ ಪೆಟ್ಟಿಗೆಯ ಹಸಿರು ದೀಪಗಳು ಮಿಣುಕುವಾಗ ಊರೂರೇ ಪಿಸುಗುಡುತ್ತಿವೆ ಅನಿಸುತ್ತಿತ್ತು. ಅಷ್ಟೂ ಮನೆಗಳಿಗೆ ಹೊರಗಿನ ಇಂಟರ್‌ನೆಟ್ ಲೋಕದಲ್ಲಿ ಒಂದೇ ವಿಳಾಸ. ಹೊರಗಿನಿಂದ ಬಂದ ಯಾವ ಉತ್ತರ ಯಾರ ಮನೆಗೆ ಎಂಬುದು ಆ ಪೆಟ್ಟಿಗೆಯ ನೆನಪಿನಲ್ಲಿ ಮಾತ್ರ ಇರುತ್ತಿತ್ತು.

ಬೆಳಗ್ಗೆಯೇ ಬಮ್ಮಿಗಟ್ಟಿಯ ನೀಲಕ್ಕ ಫೋನ್ ಮಾಡಿದ್ದಳು. ಕುಂದಗೋಳದಲ್ಲಿ ತಮ್ಮ ಸುಭಾಸನ ಕೂಸಿಗೆ ಹೆಸರಿಡುವ ದಿನ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನೀಲಕ್ಕನೇ ಕಾಲು ಮುರಿದುಕೊಂಡು ಮಲಗಿದ್ದಳು. ಅಕ್ಕ ನೆಟ್ ಫೋನಿನಲ್ಲೇ ಹೇಳಲಿ ಎಂದು ಸುಭಾಸ ಹಟ ಹಿಡಿದಿದ್ದ.

“ಗಂಡ ಸತ್ತಾಕಿ ಹೆಸರ ಇಡಬಾರದು ಅಂತ ಸುಭಾಸನ ಅತ್ತಿ ಗೊಣಗ್ಯಾಳ. ನಡುವ ಕಟ್ ಆತಂದ್ರ ನನ್ನ ಬಾಯೇ ಕೆಟ್ಟದ್ದು ಅಂತಾರ. ಇವತ್ತೊಂದಿನ ನೆಟ್ ಮುಟ್ಟಬ್ಯಾಡವಾ.”

“ಮುಟ್ಟೂದಿಲ್ರೀ ನೀಲಕ್ಕ,” ಎಂದಿದ್ದಳು ಅತಿಯಾ.

ಮಾತು ಕೊಟ್ಟಷ್ಟು ಸುಲಭವೇ ಉಳಿಸಿಕೊಳ್ಳುವುದು? ಸರಿಯಾಗಿ ಹೆಸರಿಡುವ ಹೊತ್ತಿಗೆ ದುಮ್ಮವಾಡದ ಆಸ್ಪತ್ರೆಯಿಂದ ನರ್ಸ್ ಬಾಯಿಯ ಫೋನ್ ಬಂತು. “ಎದಿ ನೋವಂತ ಒಬ್ಬ ಅಜ್ಜ ಬಂದಾರ್ರಿ. ಇಸಿಜಿ ಹುಬ್ಬಳ್ಳಿ ಡಾಕ್ಟರಿಗೆ ಹೋಗವಲ್ದು. ನಿಮ್ಮ ಹೊಸ ಲೈನ್ ಚಾಲೂನ ಆಗಿಲ್ಲ!”

ಅತಿಯಾ ಪರದೆ ತೆರೆದಳು; ನಡೆಯುತ್ತಿರುವ ಒಂದೊಂದು ಮಾತಿಗೂ ಅಲ್ಲಿ ಒಂದೊಂದು ಸಾಲು. ಆಸ್ಪತ್ರೆಯ ಲೈನನ್ನು, ಯಾರನ್ನು ಹೊರಕ್ಕೆ ಬಿಡಬೇಕೆಂಬ ಪೆಟ್ಟಿಗೆಯ ನಿಯಮಗಳಲ್ಲಿ ಸೇರಿಸಲು ಅವಳೇ ಮರೆತಿದ್ದಳು. ನೆಟ್ಟಿನವರಿಗೆ ಗೊತ್ತಿರುವ ಮದ್ದು ಒಂದೇ, ಆಫ್ ಮಾಡಿ ಆನ್ ಮಾಡುವುದು. ಹಾಗೆ ಮಾಡಿದರೆ ಪೆಟ್ಟಿಗೆ ಎಲ್ಲ ಮರೆತು, ನೀಲಕ್ಕನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಕೆಳಗೆ ಯಾವುದೋ ತೊಟ್ಟಿಲು ಕಿರುಗುಟ್ಟಿತು. ಚಿಕ್ಕಂದಿನಲ್ಲಿ ಅಬ್ಬಾನ ಜೊತೆ ಒಬ್ಬರ ಮನೆಗೆ ಹೋದದ್ದು ಅವಳಿಗೆ ಕನಸಿನಂತೆ ಕಂಡಿತು. ಅಲ್ಲಿ ತೊಟ್ಟಿಲ ಹಗ್ಗ ಸವೆದಿತ್ತು, ಒಳಗೆ ಕೂಸು ಮಲಗಿತ್ತು. ಅಬ್ಬಾ ಮೊದಲು ಹೊಸ ಹಗ್ಗ ಬಿಗಿದು, ಭಾರವನ್ನು ಅದಕ್ಕೆ ಮೆಲ್ಲಗೆ ಬಿಟ್ಟು, ಆಮೇಲೆ ಹಳೆಯದನ್ನು ಬಿಚ್ಚಿದ್ದರು. ಕೂಸು ಕಣ್ಣೇ ತೆರೆದಿರಲಿಲ್ಲ.

ಅತಿಯಾ ಹೊಸ ನಿಯಮಗಳನ್ನು ಬೇರೆಯಾಗಿ ಬರೆದು, ತಪ್ಪಿಲ್ಲವೆಂದು ನೋಡಿಕೊಂಡಳು. ಆಮೇಲೆ, ನಡೆಯುತ್ತಿರುವ ಮಾತುಗಳ ನೆನಪನ್ನು ಮುಟ್ಟದೆ ನಿಯಮಗಳನ್ನಷ್ಟೇ ಬದಲಿಸುವ ಆಜ್ಞೆ ಕೊಟ್ಟಳು. ಪರದೆ ನೋಡಿದಳು. ನೀಲಕ್ಕನ ಸಾಲು ಅಲ್ಲಾಡದೆ ಅಲ್ಲೇ ಇತ್ತು.

“ಇಸಿಜಿ ಹೋತ್ರಿ! ಅಜ್ಜಾರನ್ನ ಲಗೂ ಕರಕೊಂಡ ಬರ್ರಿ ಅಂದ್ರು ಡಾಕ್ಟರು,” ಎಂದಳು ನರ್ಸ್ ಬಾಯಿ. ಅತಿಯಾಳಿಗೆ ಅಳುವೇ ಬಂತು.

ಬಿಸಿಲು ಇಳಿಯಿತು. ನೀಲಕ್ಕನ ಸಾಲು ಮಾತ್ರ ಪರದೆಯಿಂದ ಹೋಗಲೇ ಇಲ್ಲ. ಹೆಸರಿಡಲು ಇಷ್ಟು ಹೊತ್ತೇ? ತಡೆಯಲಾರದೆ ಸುಭಾಸನಿಗೆ ಫೋನ್ ಮಾಡಿದಳು.

“ಹೆಸರಿಟ್ಟು ಭಾಳ ಹೊತ್ತಾತ್ರಿ,” ಅವನ ದನಿ ತಗ್ಗಿತ್ತು. “ನನ್ನ ಹೆಂಡ್ತಿ ಫೋನಿನ್ಯಾಗ ಅಕ್ಕ ಇನ್ನೂ ಜೋಗುಳ ಹಾಡಾಕತ್ತಾಳ. ನಾ ಕಟ್ ಮಾಡಾಕ ಹೋದ್ರ ನಮ್ಮತ್ತಿ ಕೈ ಹಿಡದ್ರು. ‘ಇರ್ಲಿ ಬಿಡಪಾ, ಆಕಿ ಹಾಡಿದ್ರನ ಕೂಸು ಮಲಗತೈತಿ’ ಅಂತ ಆ ಫೋನ್ ತೊಟ್ಟಿಲದಾಗ ಇಟ್ಟಾರ.”

ಅತಿಯಾ ದೀಪ ಹಚ್ಚುವ ಹೊತ್ತಿನವರೆಗೂ ಆ ಪೆಟ್ಟಿಗೆಯ ಬಾಜು ಸುಮ್ಮನೆ ಕೂತಿದ್ದಳು, ಏನನ್ನೂ ಮುಟ್ಟದೆ.