ಆಳೆತ್ತರದ ಕಿವಿ

ವೈದ್ಯಕೀಯ ಕಾಲೇಜಿಗೆ ಆಳೆತ್ತರದ ಕಿವಿಯೊಂದು ತುರ್ತಾಗಿ ಬೇಕಾಗಿತ್ತು. ಅದಕ್ಕೆ ಕಾರಣ ವಿದ್ಯಾರ್ಥಿಗಳಲ್ಲ. ಎದುರಾಳಿ ಕಾಲೇಜಿನವರು ಆಳೆತ್ತರದ ಹೃದಯವೊಂದನ್ನು ತರಿಸಿ ಪತ್ರಿಕೆಯಲ್ಲಿ ಚಿತ್ರ ಹಾಕಿಸಿಕೊಂಡಿದ್ದರು.

ಕೆಲಸ ಸಿಕ್ಕಿದ್ದು ಗಾಜಿನಂಗಡಿಯ ಹಿಂದಿನ ಶೆಡ್ಡಿನಲ್ಲಿ ದೇಹದ ಭಾಗಗಳ ಮಾದರಿ ತಯಾರಿಸುತ್ತಿದ್ದ ಅಕ್ಕ-ತಂಗಿಗೆ. ಅಚ್ಚು ತೆಗೆದು ಫೈಬರ್ ಎರೆಯುವುದು ತಂಗಿ, ಬಣ್ಣ ಬಳಿಯುವುದು ಅಕ್ಕ. ಹದಿನೆಂಟು ವರ್ಷಗಳಲ್ಲಿ ತಂಗಿ ಶಾಲೆಗಳಿಗೆಂದು ಅಂಗೈಯಗಲದ ಕಿವಿಗಳನ್ನು ಅದೆಷ್ಟು ಮಾಡಿದ್ದಳೋ, ಕಣ್ಣುಮುಚ್ಚಿ ಜೋಡಿಸಬಲ್ಲಳು.

ನಕ್ಷೆ ಕೊಟ್ಟವರು ವಿಭಾಗದ ಮುಖ್ಯಸ್ಥರು. ಮೂವತ್ತು ವರ್ಷದಿಂದ ಕಿವಿಯ ಪಾಠ ಮಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಕಿವಿ ಮೇಷ್ಟ್ರು. ಆ ಮೂವತ್ತು ವರ್ಷಗಳಲ್ಲಿ ಯಾರ ಪ್ರಶ್ನೆಯನ್ನೂ ಅವರು ಪೂರ್ತಿ ಕೇಳಿದ್ದಿಲ್ಲ. ಅರ್ಧಕ್ಕೇ ತಡೆದು ಉತ್ತರ ಹೇಳಿಬಿಡುತ್ತಿದ್ದರು, ಅದೂ ಇನ್ಯಾವುದೋ ಪ್ರಶ್ನೆಯದು.

ಯಾವುದೋ ಸಭೆಯ ಸೂಚನಾಪತ್ರದ ಹಿಂಬದಿಯಲ್ಲಿ ಬರೆದಿದ್ದ ಆ ನಕ್ಷೆಯನ್ನು ನೋಡುತ್ತಲೇ ತಂಗಿಗೆ ಕಸಿವಿಸಿಯಾಯಿತು. ಕಿವಿಯೊಳಗೆ ಮೂರು ಪುಟ್ಟ ಎಲುಬುಗಳಿವೆ. ಕಿವಿತಮಟೆಗೆ ಅಂಟಿದ್ದು ಸುತ್ತಿಗೆ, ನಡುವಿನದು ಅಡಿಗಲ್ಲು, ಕೊನೆಯದು ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ್ದು. ಆ ರಿಕಾಪಿನ ಪಾದ ಒಳಗಿವಿಯ ಕಿಟಕಿಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಮೇಷ್ಟ್ರು ರಿಕಾಪನ್ನು ತಂದು ತಮಟೆಗೆ ಅಂಟಿಸಿ, ಸುತ್ತಿಗೆಯನ್ನು ಒಳಕ್ಕೆ ಅಟ್ಟಿದ್ದರು.

ಮರುದಿನವೇ ಅವಳು ಅವರ ಕೋಣೆಗೆ ಹೋದಳು.

"ಸರ್, ಈ ರಿಕಾಪು ಇಲ್ಲಿ..."

"ದೊಡ್ಡದಾಗೇ ಇರಲಿ. ಹಿಂದಿನ ಬೆಂಚಿಗೂ ಕಾಣಬೇಕು."

"ದೊಡ್ಡದು ಮಾಡ್ತೀನಿ ಸರ್. ಆದ್ರೆ ಅದರ ಜಾಗ..."

"ಜಾಗ ಬೇಕಾದಷ್ಟಿದೆ. ಬಾಗಿಲ ಎದುರಿಗೇ ನಿಲ್ಲಿಸೋಣ."

"ಸುತ್ತಿಗೆ, ರಿಕಾಪು ಅದಲುಬದಲಾಗಿದೆ ಸರ್," ಎಂದು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮೇಷ್ಟ್ರು ಕನ್ನಡಕ ತೆಗೆದರು. "ನೀನು ಎಷ್ಟು ಓದಿದ್ದೀಯಮ್ಮ?"

"ಹತ್ತನೇ ಕ್ಲಾಸು."

"ಹಾಗಾದ್ರೆ ಬರೆದ ಹಾಗೆ ಮಾಡು." ನಕ್ಷೆಯ ಮೂಲೆಯಲ್ಲಿ ಸಹಿ ಜಡಿದು ಅವಳತ್ತ ತಳ್ಳಿದರು.

ಶೆಡ್ಡಿಗೆ ಬಂದವಳು ಚೀಲವನ್ನು ಮೂಲೆಗೆ ಎಸೆದಳು. ಅಕ್ಕ ಕುಂಚ ತೊಳೆಯುತ್ತಲೇ ಹೇಳಿದಳು, "ಅವರ ಕಿವಿ, ಅವರಿಷ್ಟ. ನಿಂಗ್ಯಾಕೆ ಉರಿ?"

"ನೋಡಿ ಕಲಿಯೋ ಮಕ್ಕಳು ನಾಳೆ ನಮ್ಮ ಕಿವೀಗೇ ಕತ್ತರಿ ಹಾಕ್ತಾರಲ್ಲಕ್ಕ."

"ಅಷ್ಟರಲ್ಲಿ ನಂಗಂತೂ ಕಿವುಡು ಬಂದಿರುತ್ತೆ ಬಿಡು."

ನಕ್ಷೆಯಂತೆಯೇ ಕಿವಿ ಸಿದ್ಧವಾಯಿತು. ಆದರೆ ಆ ಮೂರು ಎಲುಬುಗಳನ್ನು ಅಂಟು ಹಾಕಿ ಕೂರಿಸಲು ತಂಗಿಯ ಕೈ ಬರಲಿಲ್ಲ. ಬೋಲ್ಟು ಹಾಕಿ ನಿಲ್ಲಿಸಿದಳು.

ಅನಾವರಣಕ್ಕೆ ಬಂದ ಮುಖ್ಯ ಅತಿಥಿ ಹೆಸರಾಂತ ಕಿವಿ ಶಸ್ತ್ರವೈದ್ಯೆ. ಬೋಲ್ಟು ಸಡಿಲವಾದರೆ ಬಿಗಿಯಲೆಂದು ತಂಗಿಯನ್ನೂ ಕರೆಸಿ, ಕೈಗೆ ಸ್ಪ್ಯಾನರ್ ಕೊಟ್ಟು ಪರದೆಯ ಪಕ್ಕ ನಿಲ್ಲಿಸಿದ್ದರು. ಮೇಷ್ಟ್ರು "ಆಲಿಸುವ ಕಲೆ" ಎಂಬ ವಿಷಯದ ಮೇಲೆ ಒಂದೂಕಾಲು ಗಂಟೆ ಮಾತಾಡಿದರು. ಎರಡು ಬಾರಿ ಬಂದ ಸಮಯದ ಚೀಟಿಯನ್ನು ಓದದೆ ಜೇಬಿಗಿಳಿಸಿದರು. ಕೊನೆಗೂ ಪರದೆ ಸರಿಯಿತು. ಚಪ್ಪಾಳೆ ಬಿತ್ತು. ವೈದ್ಯೆ ಕತ್ತು ಚಾಚಿ ಕಿವಿಯೊಳಗೆ ಇಣುಕಿದರು.

"ರಿಕಾಪು ತಮಟೆಗೆ ಅಂಟಿದೆಯಲ್ಲ ಸರ್?"

ಮೇಷ್ಟ್ರು ತುದಿಗಾಲಲ್ಲಿ ನಿಂತು ನೋಡಿದರು. ಮೊದಲು ಮುಖ ಬಿಳಿಚಿತು, ಆಮೇಲೆ ಬೆರಳು ತಂಗಿಯತ್ತ ತಿರುಗಿತು. "ಕೆಲಸದವರು ಮಾಡಿದ ಎಡವಟ್ಟು ಮೇಡಂ. ಎಷ್ಟು ಸಲ ತಿದ್ದಿ ಹೇಳಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ."

ಇನ್ನೂರು ಜೊತೆ ಕಣ್ಣು ಅವಳ ಮೇಲೆ ಬಿದ್ದವು. ಸಹಿಯಿದ್ದ ನಕ್ಷೆ ಚೀಲದಲ್ಲೇ ಇತ್ತು. ತೆಗೆದು ಅವರ ಮುಖಕ್ಕೆ ಹಿಡಿಯಬೇಕೆಂದು ಅವಳ ಕೈ ಚೀಲದವರೆಗೂ ಹೋಯಿತು. ಆದರೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಆ ತಪ್ಪು ಕಿವಿಯನ್ನೇ ನೋಡಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ತಂಗಿ ಚೀಲವನ್ನು ನೆಲಕ್ಕಿಟ್ಟು, ಕುರ್ಚಿ ಎಳೆದು ಹತ್ತಿದಳು.

ಮೂರೂ ಎಲುಬು ಕಳಚಿದಳು. "ಇದು ಸುತ್ತಿಗೆ. ತಮಟೆ ಅಲುಗಿದರೆ ಮೊದಲು ಅಲುಗೋದು ಇದೇ," ಎನ್ನುತ್ತ ಅದನ್ನು ತಮಟೆಗೆ ಬಿಗಿದಳು. "ಇದು ಅಡಿಗಲ್ಲು." ಕೊನೆಗೆ ರಿಕಾಪನ್ನು ಎತ್ತಿ ತೋರಿಸಿದಳು. "ಮೈಯಲ್ಲೇ ಎಲ್ಲಕ್ಕಿಂತ ಚಿಕ್ಕ ಎಲುಬು. ಇದರ ಪಾದ ನೋಡಿ, ಈ ಕಿಟಕಿ ಬಿಟ್ಟು ಬೇರೆಲ್ಲೂ ಸರಿಯಾಗಿ ಕೂರಲ್ಲ." ಅದು ಟಕ್ಕೆಂದು ಕುಳಿತಿತು. ಮುಂದಿನ ಸಾಲಿನ ಹುಡುಗಿ ಬರೆದದ್ದನ್ನು ಹೊಡೆದುಹಾಕಿದಳು.

"ಎಷ್ಟು ಚೆನ್ನಾಗಿ ಹೇಳಿದಿರಿ," ಎಂದರು ವೈದ್ಯೆ.

"ನಾನೇ ಹೇಳಿಕೊಟ್ಟಿದ್ದು," ಎಂದರು ಮೇಷ್ಟ್ರು.

ಮರುದಿನದ ಪತ್ರಿಕೆಯಲ್ಲಿ ಮೇಷ್ಟ್ರು ಕಿವಿಯ ಮೇಲೆ ಕೈಯಿಟ್ಟು ನಗುತ್ತಿದ್ದರು. ಚಿತ್ರದಲ್ಲಿ ತಂಗಿಯದು ಮೊಣಕೈ ಮಾತ್ರ ಬಂದಿತ್ತು. ವಾರದೊಳಗೆ ಅವಳಿಗೆ ಕಾಲೇಜಿನಿಂದ ನೋಟಿಸು ಬಂತು: ಅನುಮತಿಯಿಲ್ಲದೆ ಸಭೆಯಲ್ಲಿ ಮಾತಾಡಿದ್ದೇಕೆ? ಅವಳು ಉತ್ತರವಾಗಿ ನಕ್ಷೆಯ ನಕಲು ಕಳಿಸಿದಳು. ಆ ಕಡೆಯಿಂದ ಮತ್ತೆ ಸದ್ದಿಲ್ಲ.

ಮುಂದಿನ ಶನಿವಾರ ಆರು ಮಂದಿ ವಿದ್ಯಾರ್ಥಿಗಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಮುಂದಿನ ಸಾಲಿನ ಹುಡುಗಿಯೇ ಬಾಯಿಬಿಟ್ಟಳು. "ಒಳಗಿವಿ ಅರ್ಥ ಆಗಿಲ್ಲ ಮೇಡಂ. ಕಾಲೇಜಲ್ಲಿ ಕೇಳೋಣ ಅಂದ್ರೆ..." ಅಷ್ಟಕ್ಕೇ ನಿಲ್ಲಿಸಿದಳು, ವಾಕ್ಯ ಅರ್ಧಕ್ಕೇ ಬಿಡುವುದು ಅವಳಿಗೆ ರೂಢಿಯಾಗಿಹೋಗಿತ್ತು.

"ಪೂರ್ತಿ ಹೇಳಮ್ಮ," ಎಂದು ತಂಗಿ ಸ್ಟೂಲು ಎಳೆದು ಕೂತಳು.